ಬೆಂಗಳೂರಿನ ಪ್ಲಾನಿಗೆ ಕೈ ಎತ್ತಿದವರು ಯಾರು?

ಬ್ಲಾಗಿಗೆ ಬೀಗ ಹಾಕಿ ಎಷ್ಟೋ ತಿಂಗಳಾಗಿತ್ತು. ಆಫೀಸು, ರಿಲೀಸು, ಟ್ರಾಫಿಕ್ಕು, ನಿದ್ದೆ... ಇಷ್ಟೇ ಜೀವನ ಆಗಿಹೋಗಿದೆ. ಇವತ್ತು ಬೀಗ ತೆಗೆದಿರೋದು ಪ್ರೀತಿಯಿಂದಲ್ಲ, ಸಿಟ್ಟಿನಿಂದ. ಆ ಸಿಟ್ಟಲ್ಲಿ ಅರ್ಧ ನನ್ನ ಮೇಲೇ ಇದೆ.

ಆಗಿದ್ದಿಷ್ಟು. ಮೊನ್ನೆ ಆಫೀಸಲ್ಲಿ ಟೀ ಕುಡೀತಾ ನಿಂತಿದ್ವಿ. ಮಾತು ಟ್ರಾಫಿಕ್ಕಿಂದ ಶುರುವಾಗಿ (ಬೇರೆ ಎಲ್ಲಿಂದ ಶುರುವಾಗುತ್ತೆ ಹೇಳಿ) ಬೆಂಗಳೂರಿನ ಮಾಸ್ಟರ್ ಪ್ಲಾನಿಗೆ ಬಂತು. ನನ್ನ ಟೀಮಿನ ಗೆಳೆಯನೊಬ್ಬ ತೀರ್ಪು ಕೊಟ್ಟೇಬಿಟ್ಟ: "ಮಗಾ, ಐದು ವರ್ಷ ಒಬ್ಬ ಕಾರ್ಪೊರೇಟರ್ ಇಲ್ದೆ ಈ ಊರು ನಡೀತು. ಏನ್ ಮುಳುಗ್ತು? ಪ್ಲಾನ್ ಅನ್ನೋದು ತಜ್ಞರ ಕೆಲಸ ಕಣೋ. ಒಳ್ಳೆ ಕನ್ಸಲ್ಟೆಂಟ್ ಹಿಡ್ದು, ಮೇಲೊಬ್ಬ ಖಡಕ್ ಐಎಎಸ್ ಆಫೀಸರ್‌ನ ಕೂರಿಸಿದ್ರೆ ಮುಗೀತು. ರಾಜಕಾರಣಿಗಳನ್ನ ಒಳಗೆ ಬಿಟ್ರೆ ಕೆಡ್ತು."

ಸುತ್ತ ನಿಂತಿದ್ದ ಆರು ಜನರೂ ತಲೆ ಆಡಿಸಿದ್ರು. ನಾನೂ ಆಡಿಸಿದೆ. ವಾಪಸ್ ಸೀಟಿಗೆ ಬಂದು ಕೂತ ಮೇಲೆ, ನಾನ್ಯಾಕೆ ತಲೆ ಆಡಿಸಿದೆ ಅಂತ ನನಗೇ ಅರ್ಥ ಆಗ್ಲಿಲ್ಲ. "ಏನ್ ಮುಳುಗ್ತು" ಅಂದ್ನಲ್ಲ, 2022ರ ಸೆಪ್ಟೆಂಬರಿನಲ್ಲಿ ನಾವೆಲ್ಲ ಅಕ್ಷರಶಃ ಮುಳುಗಿದ್ವಿ! ಹೊರವರ್ತುಲ ರಸ್ತೆ, ಬೆಳ್ಳಂದೂರು, ಯಮಲೂರು ಕೆರೆಯಂತಾಗಿ, ಲಕ್ಷಗಟ್ಟಲೆ ಸಂಬಳದ ಇಂಜಿನಿಯರುಗಳು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದ ಫೋಟೋ ದೇಶವೆಲ್ಲ ನೋಡ್ತು. ಅವತ್ತು ನಮ್ಮ ಬೀದಿಯಲ್ಲೂ ಮೊಣಕಾಲುದ್ದ ನೀರು. ಪಕ್ಕದ ಮನೆ ಅಂಕಲ್ ಪಂಚೆ ಎತ್ತಿ ಕಟ್ಕೊಂಡು ಗೇಟಲ್ಲಿ ನಿಂತು ಕೇಳಿದ್ರು: "ನಮ್ ಕಾರ್ಪೊರೇಟರ್ ಯಾರಪ್ಪಾ ಈಗ?" ಯಾರೂ ಇಲ್ಲ ಅಂಕಲ್ ಅಂದೆ. ಹಂಗಂದ್ರೆ ಏನು ಅಂತ ಅವರಿಗೆ ಅರ್ಥ ಮಾಡಿಸೋಕೆ ಐದು ನಿಮಿಷ ಹಿಡೀತು.

ಅದಕ್ಕೇ ಟೀ ಹೊತ್ತಲ್ಲಿ ಕೊಡದ ಉತ್ತರವನ್ನ ಇಲ್ಲಿ ಕೊಡ್ತಿದ್ದೀನಿ. ಸ್ವಲ್ಪ ಉದ್ದ ಆಗುತ್ತೆ, ಸಹಿಸ್ಕೊಳ್ಳಿ.

ಮೊದಲು ಈ ಮಾಸ್ಟರ್ ಪ್ಲಾನ್ ಅಂದ್ರೇನು ನೋಡೋಣ. ಎಲ್ಲಿ ಮನೆ, ಎಲ್ಲಿ ಅಂಗಡಿ, ಎಲ್ಲಿ ಕಾರ್ಖಾನೆ, ಎಲ್ಲಿ ಪಾರ್ಕು, ಎಲ್ಲಿ ಕಟ್ಟಲೇಬಾರದು ಅಂತ ಬಣ್ಣ ಬಣ್ಣವಾಗಿ ತೋರಿಸೋ ನಕ್ಷೆ, ಅದರ ಜೊತೆ ನಿಯಮಗಳ ಒಂದು ಪುಸ್ತಕ. ಕೇಳೋಕೆ ಡ್ರಾಯಿಂಗ್ ಕ್ಲಾಸಿನ ಥರ ಇದೆ. ಆದ್ರೆ ಒಬ್ಬ ರೈತನ ಎರಡೆಕರೆ ಮೇಲೆ ಹಸಿರು ಬಳೀತಾರಾ ಹಳದಿ ಬಳೀತಾರಾ ಅನ್ನೋದರ ಮೇಲೆ ಅವನ ಮೊಮ್ಮಕ್ಕಳ ಬದುಕು ನಿಂತಿರುತ್ತೆ. ಹಸಿರಾದ್ರೆ ಹೊಲ, ಹಳದಿಯಾದ್ರೆ ಕೋಟಿ. ಒಂದು ರಸ್ತೆಯನ್ನ ಅಗಲ ಮಾಡ್ತೀವಿ ಅಂತ ನಕ್ಷೆಯಲ್ಲಿ ಎರಡು ಗೆರೆ ಎಳೆದ್ರೆ ಆ ಬೀದಿಯ ಅಂಗಡಿಯವನ ನಿದ್ದೆ ಹೋಗುತ್ತೆ. ಯಾರಿಗೆ ಲಾಭ, ಯಾರಿಗೆ ನಷ್ಟ ಅಂತ ಹಂಚೋ ಕೆಲಸ ಇದು. ಕನ್ನಡದಲ್ಲಿ ಅದಕ್ಕೊಂದು ಹೆಸರಿದೆ, ರಾಜಕೀಯ ಅಂತ. ರಾಜಕೀಯ ಬೇಡ, ಪ್ಲಾನ್ ಮಾತ್ರ ಬೇಕು ಅನ್ನೋದು ಸಾರು ಬೇಕು ನೀರು ಬೇಡ ಅಂದಂಗೆ.

ಸರಿ, ಬೆಂಗಳೂರಿಗೆ ಈ ಹಂಚೋ ಕೆಲಸ ಯಾರು ಮಾಡಿದ್ರು?

1984ರಲ್ಲಿ ಒಂದು ಸಮಗ್ರ ಅಭಿವೃದ್ಧಿ ಯೋಜನೆ ಬಂತು, 1995ರಲ್ಲಿ ಅದರ ಪರಿಷ್ಕರಣೆ. ಆಮೇಲೆ 2015ಕ್ಕೆ ಅಂತ ಹೇಳಿ ಇನ್ನೊಂದು, ಅದೇ ಆರ್‌ಎಂಪಿ 2015. ಅದನ್ನ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ, ಅಂದ್ರೆ ಬಿಡಿಎ, ಫ್ರೆಂಚ್ ಸಲಹಾ ಕಂಪನಿಯೊಂದರ ಜೊತೆ ಸೇರಿ ಮಾಡಿಸ್ತು. ಬಿಡಿಎ ನಾವು ಓಟು ಹಾಕಿ ಆರಿಸಿದ ಸಂಸ್ಥೆ ಅಲ್ಲ, 1976ರ ಕಾಯ್ದೆ ಪ್ರಕಾರ ರಾಜ್ಯ ಸರ್ಕಾರ ಹುಟ್ಟುಹಾಕಿದ್ದು. ಪ್ಲಾನನ್ನ ಅದು ತಯಾರು ಮಾಡ್ತಿತ್ತು, ರಾಜ್ಯ ಸರ್ಕಾರ ಮುದ್ರೆ ಒತ್ತುತ್ತಿತ್ತು. ನಗರದ ಕೌನ್ಸಿಲಿಗೆ ಇದರಲ್ಲಿ ಓಟೇ ಇರಲಿಲ್ಲ.

ಆರ್‌ಎಂಪಿ 2015ಕ್ಕೆ ಮುದ್ರೆ ಬಿದ್ದಿದ್ದು 2007ರ ಜೂನ್‌ನಲ್ಲಿ. ಆಗ ಬೆಂಗಳೂರಲ್ಲಿ ಚುನಾಯಿತ ಕೌನ್ಸಿಲ್ಲೇ ಇರಲಿಲ್ಲ! ಹಳೆಯ ಕೌನ್ಸಿಲ್ ಅವಧಿ 2006ರ ನವೆಂಬರಿಗೇ ಮುಗಿದಿತ್ತು. 2007ರಲ್ಲಿ ಮಹಾನಗರ ಪಾಲಿಕೆ, ಸುತ್ತಲಿನ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿ ಎಲ್ಲ ಸೇರಿಸಿ ಬಿಬಿಎಂಪಿ ಮಾಡಿದ್ರು. ಮೊದಲ ಚುನಾವಣೆ ಆಗಿದ್ದು 2010ರ ಮಾರ್ಚ್‌ನಲ್ಲಿ. ಅಂದ್ರೆ ಇಡೀ ಊರಿನ ಭವಿಷ್ಯ ಬರೆದ ಹೊತ್ತಲ್ಲಿ ಊರಿನವರ ಪರವಾಗಿ ಕೂರಬೇಕಾದ ಕುರ್ಚಿಗಳೆಲ್ಲ ಖಾಲಿ.

ಮುಂದಿನ ಪ್ಲಾನ್ 2031ಕ್ಕೆ. ಕರಡು ಹೊರಬಂದಿದ್ದು 2017ರ ನವೆಂಬರಿನಲ್ಲಿ. 2031ಕ್ಕೆ ಎರಡು ಕೋಟಿ ಜನ ಇರ್ತಾರೆ ಅಂತ ಅಂದಾಜು ಮಾಡಿದ್ರು. ಈ ಸಲ ಸಲಹೆ ಕೊಟ್ಟಿದ್ದು ಡಚ್ ಕಂಪನಿ. ಆಗ 198 ಕಾರ್ಪೊರೇಟರ್‌ಗಳು ಇದ್ರು. ಆದ್ರೆ ಇದ್ದು ಏನು ಬಂತು, ಕೌನ್ಸಿಲ್ ಒಪ್ಪಿದ್ರೆ ಮಾತ್ರ ಪ್ಲಾನ್ ಅನ್ನೋ ನಿಯಮ ಇಲ್ವಲ್ಲ. ಆಕ್ಷೇಪಣೆ ಇದ್ರೆ ನೀವೂ ಸಲ್ಲಿಸಿ ನಾವೂ ಸಲ್ಲಿಸ್ತೀವಿ ಅನ್ನೋ ಮಟ್ಟ. ಕೊನೆಗೆ 2020ರಲ್ಲಿ ಆ ಕರಡನ್ನೇ ವಾಪಸ್ ತಗೊಂಡ್ರು. ಪರಿಣಾಮ, 2015ಕ್ಕೆ ಎಕ್ಸ್‌ಪೈರಿ ಆದ ಪ್ಲಾನಿನ ಮೇಲೆ ಊರು ಮುಂದಿನ ಹತ್ತು ವರ್ಷ ನಡೀತು. ಎಕ್ಸ್‌ಪೈರಿ ಆದ ಕ್ರೋಸಿನ್ ಮಾತ್ರೆಯನ್ನೂ ನಾವು ನುಂಗಲ್ಲ ಸ್ವಾಮಿ.

ಹಾಗಂತ ಕಾನೂನು ಇರಲಿಲ್ವಾ? ಇತ್ತು. ಸಂವಿಧಾನಕ್ಕೆ 74ನೇ ತಿದ್ದುಪಡಿ ಜಾರಿಗೆ ಬಂದಿದ್ದು 1993ರ ಜೂನ್ 1ಕ್ಕೆ. ನಗರ ಯೋಜನೆ ನಗರಸಭೆಗಳ ಕೈಗೆ ಕೊಡಬಹುದಾದ ಕೆಲಸಗಳ ಪಟ್ಟಿಯಲ್ಲಿ ಒಂದನೇ ನಂಬರಲ್ಲೇ ಇದೆ. ಹತ್ತು ಲಕ್ಷ ಮೀರಿದ ಮಹಾನಗರ ಪ್ರದೇಶಕ್ಕೆ ಒಂದು ಮಹಾನಗರ ಯೋಜನಾ ಸಮಿತಿ ಇರಬೇಕು, ಅದರಲ್ಲಿ ಕನಿಷ್ಠ ಮೂರನೇ ಎರಡರಷ್ಟು ಜನ ಚುನಾಯಿತ ಸದಸ್ಯರಿಂದಲೇ ಆಯ್ಕೆಯಾಗಿ ಬರಬೇಕು ಅನ್ನುತ್ತೆ 243 ಝಡ್‌ಇ ವಿಧಿ. ಬೆಂಗಳೂರಿಗೆ ಅಂಥ ಸಮಿತಿ ಅಂತ ಕಾಗದದ ಮೇಲೆ ಬಂದಿದ್ದು 2014ರಲ್ಲಿ. ಇಪ್ಪತ್ತೊಂದು ವರ್ಷ! ಅಷ್ಟರಲ್ಲಿ ಹುಟ್ಟಿದ ಮಗು ಇಂಜಿನಿಯರಿಂಗ್ ಮುಗಿಸಿ ಕ್ಯಾಂಪಸ್ಸಲ್ಲಿ ಸೆಲೆಕ್ಟ್ ಆಗಿರುತ್ತೆ.

ಈಗ ನನ್ನ ಗೆಳೆಯನ ತಜ್ಞರ ವಿಷಯಕ್ಕೆ ಬರೋಣ.

ತಜ್ಞರು ಬೇಡ ಅಂತ ನಾನು ಹೇಳ್ತಿಲ್ಲ. ನೀರು ಎಲ್ಲಿಂದ ಎಲ್ಲಿಗೆ ಹರಿಯುತ್ತೆ ಅಂತ ಓಟು ಹಾಕಿ ನಿರ್ಧಾರ ಮಾಡೋಕಾಗಲ್ಲ, ಲೆವೆಲ್ ನೋಡೇ ಹೇಳಬೇಕು. ಆದ್ರೆ ಒಂದು ಯೋಚನೆ ಮಾಡಿ. ಬೆಳ್ಳಂದೂರು ಕಣಿವೆ, ರಾಜಕಾಲುವೆ, ಕೆರೆ ಕೋಡಿ - ಇದ್ಯಾವುದೂ ತಜ್ಞರಿಗೆ ಗೊತ್ತಿಲ್ಲದ್ದಲ್ಲ. ಕಂದಾಯ ಇಲಾಖೆಯ ಹಳೇ ಗ್ರಾಮ ನಕ್ಷೆಗಳಲ್ಲಿ ಹಳ್ಳ, ಕಾಲುವೆ, ಕೆರೆ ಎಲ್ಲ ಇದ್ದವು. ಗೊತ್ತಿದ್ದೂ ಅದರ ಮೇಲೆ ಕಟ್ಟಡ ಎದ್ದವು. ಒಂದೊಂದು ಸರ್ವೆ ನಂಬರಿಗೂ ಭೂ ಉಪಯೋಗ ಬದಲಾವಣೆ ಅಂತ ಅರ್ಜಿ ಹಾಕಿ ಬಣ್ಣ ಬದಲಿಸ್ಕೊಳ್ಳೋಕೆ ಕಾನೂನಲ್ಲೇ ಬಾಗಿಲಿದೆ. ಬಾಗಿಲಿಂದ ಬರದೇ ಕಟ್ಟಿದವರಿಗೆ ಅಕ್ರಮ-ಸಕ್ರಮ ಅಂತ ಕಿಟಕಿ ತೆಗೆಯೋಕೆ ಹೊರಟ್ರು. ಅದಕ್ಕೆ 2017ರಲ್ಲಿ ಸುಪ್ರೀಂ ಕೋರ್ಟೇ ತಡೆ ಕೊಡಬೇಕಾಯ್ತು.

ಕೊರತೆ ಇದ್ದಿದ್ದು ಜ್ಞಾನದ್ದಲ್ಲ, ವಾರಸುದಾರರದ್ದು. "ಈ ಪ್ಲಾನ್ ನಂದು, ನಾನು ಕೈ ಎತ್ತಿ ಒಪ್ಪಿದ್ದು, ಇದನ್ನ ಮುರಿಯೋಕೆ ಬಿಡಲ್ಲ, ಮುರಿದ್ರೆ ಮುಂದಿನ ಸಲ ನನಗೆ ಓಟು ಬೀಳಲ್ಲ" ಅಂತ ಹೇಳೋ ಒಬ್ಬ ಮನುಷ್ಯ ಇಡೀ ಊರಲ್ಲಿ ಇರಲಿಲ್ಲ. ಕನ್ಸಲ್ಟೆಂಟು ಬಿಲ್ ಪಾಸಾದ ಮೇಲೆ ಹೋದ. ಆಫೀಸರ್ ವರ್ಗ ಆಗಿ ಬೇರೆ ಇಲಾಖೆಗೆ ಹೋದ್ರು. ಮಂತ್ರಿಗೆ ಇಡೀ ರಾಜ್ಯದ ತಲೆನೋವು. ನಾವು ಮಾತ್ರ ನೀರಲ್ಲಿ.

ನಾವು ಸಾಫ್ಟ್‌ವೇರಿನವರು ಇದನ್ನ ಎಲ್ಲರಿಗಿಂತ ಚೆನ್ನಾಗಿ ಅರ್ಥ ಮಾಡ್ಕೋಬೇಕು. ಕಸ್ಟಮರ್ ಸೈನ್ ಆಫ್ ಇಲ್ದೆ ನಾವು ಒಂದು ಸ್ಕ್ರೀನ್ ಬದಲಾಯಿಸಲ್ಲ. ರಿಕ್ವೈರ್‌ಮೆಂಟ್ ಮೀಟಿಂಗಲ್ಲಿ ನಾಲ್ಕು ದಿನ ಜಗಳ ಆಡ್ತೀವಿ, ಬೈಸಿಕೊಳ್ತೀವಿ, ಮಿನಿಟ್ಸ್ ಬರೀತೀವಿ. ಯಾಕೆ? ನಾಳೆ ಯಾರೂ ನಾನು ಇದನ್ನ ಕೇಳೇ ಇಲ್ಲ ಅನ್ನಬಾರದು ಅಂತ. ನಮ್ಮ ಎರಡು ಬಟನ್ನಿನ ಸ್ಕ್ರೀನಿಗೆ ಇಷ್ಟು ಬೇಕು, ಕೋಟಿ ಜನದ ಊರಿಗೆ ಬೇಡ್ವಾ?

ಇದಕ್ಕೆ ನನ್ನ ಗೆಳೆಯನ ಉತ್ತರ ನಂಗೆ ಗೊತ್ತು. "ಕಾರ್ಪೊರೇಟರ್‌ಗಳು ಏನ್ ಸಾಚಾನಾ?"

ಅಲ್ಲ. 2010ರಿಂದ 2020ರ ತನಕ ಎರಡು ಕೌನ್ಸಿಲ್ ನೋಡಿದ್ದೀವಲ್ಲ. ಪ್ಲಾನ್ ನಮ್ಮ ಕೈಗೆ ಕೊಡಿ, ಅದು ನಮ್ಮ ಹಕ್ಕು ಅಂತ ಅವರು ಮೇಜು ಕುಟ್ಟಲಿಲ್ಲ. ಬಹಳಷ್ಟು ಜನಕ್ಕೆ ಚರಂಡಿ, ಡಾಂಬರು, ಕಸದ ಟೆಂಡರು ಇಷ್ಟರಲ್ಲೇ ಜಗತ್ತು ಮುಗೀತಿತ್ತು. ಆದ್ರೆ ಅಡುಗೆಮನೆಗೇ ಬಿಡದೆ, ಪಾತ್ರೆ ತೊಳೆಯೋಕೆ ಮಾತ್ರ ಇಟ್ಕೊಂಡು, ಇವನಿಗೆ ಅಡುಗೆ ಬರಲ್ಲ ಅಂದ್ರೆ ಹೆಂಗೆ? ನೀರಿಗೆ ಒಂದು ಮಂಡಳಿ, ಕರೆಂಟಿಗೆ ಒಂದು ಕಂಪನಿ, ಬಸ್ಸಿಗೆ ಒಂದು ನಿಗಮ, ಮೆಟ್ರೋಗೆ ಇನ್ನೊಂದು, ಪ್ಲಾನಿಗೆ ಬಿಡಿಎ. ಇವರ್ಯಾರೂ ಕೌನ್ಸಿಲಿಗೆ ಉತ್ತರ ಕೊಡಬೇಕಿರಲಿಲ್ಲ. ಉಳಿದಿದ್ದು ಚರಂಡಿ. ಚರಂಡಿಯನ್ನೇ ಕೊಟ್ಟು, ಇವರ ಬುದ್ಧಿ ಚರಂಡಿ ಬಿಟ್ಟು ಮೇಲೆ ಬರಲ್ಲ ಅಂತ ನಗೋದು ನಮ್ಮ ಕ್ಯಾಂಟೀನಿನ ಹಳೇ ಜೋಕು.

ಇನ್ನು ಕಾರ್ಪೊರೇಟರ್ ಇಲ್ಲದ ಆ ಐದು ವರ್ಷ. 2020ರ ಸೆಪ್ಟೆಂಬರ್ 10ಕ್ಕೆ ಕೌನ್ಸಿಲ್ ಅವಧಿ ಮುಗೀತು. ವಾರ್ಡು 198 ಸಾಲದು ಅಂತ 243 ಮಾಡಿದ್ರು, ಆಮೇಲೆ 225 ಅಂದ್ರು, ನಡುವೆ ಮೀಸಲಾತಿ, ಕೋರ್ಟು. ಚುನಾವಣೆ ಮಾತ್ರ ಆಗಲಿಲ್ಲ. 2025ರಲ್ಲಿ ಬಿಬಿಎಂಪಿಯೇ ಇತಿಹಾಸ ಸೇರ್ತು. ಕೋವಿಡ್ ಇತ್ತಲ್ಲ ಅಂತೀರಾ? ಅದೇ 2020ರ ಡಿಸೆಂಬರ್ 22 ಮತ್ತು 27ಕ್ಕೆ ಇಡೀ ರಾಜ್ಯದ ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ನಡೀತು. ನಮ್ಮಮ್ಮ ಮಾಸ್ಕ್ ಹಾಕ್ಕೊಂಡು ಹೋಗಿ ಓಟು ಹಾಕಿ ಬಂದು ಫೋನ್ ಮಾಡಿದ್ರು. ವೈರಸ್ಸಿಗೆ ಹಳ್ಳಿ ದಾರಿ ಗೊತ್ತಿರಲಿಲ್ವೇನೋ!

ಆ ಖಾಲಿ ವರ್ಷಗಳಲ್ಲಿ ನಿರ್ಧಾರಗಳು ನಿಂತಿದ್ವಾ? ಇಲ್ಲ. 2024ರ ಆಗಸ್ಟಿನಲ್ಲಿ ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ಸುರಂಗ ರಸ್ತೆಗೆ ರಾಜ್ಯ ಸಂಪುಟ ಒಪ್ಪಿಗೆ ಕೊಡ್ತು. ಅಂದಾಜು ಸುಮಾರು 12,690 ಕೋಟಿ ರೂಪಾಯಿ. ಆ ವರ್ಷದ ಬಿಬಿಎಂಪಿಯ ಇಡೀ ಬಜೆಟ್ಟು ಸುಮಾರು 12,370 ಕೋಟಿ. ಆ ಬಜೆಟ್ಟನ್ನೂ ಮಂಡಿಸಿದ್ದು ಅಧಿಕಾರಿಗಳೇ. ಸುರಂಗ ಒಳ್ಳೇದೋ ಕೆಟ್ಟದ್ದೋ, ಆ ಜಗಳ ಇನ್ನೊಂದು ದಿನ ಆಡೋಣ. ಊರಿನ ಒಂದು ವರ್ಷದ ಖರ್ಚಿಗಿಂತ ದೊಡ್ಡ ಮೊತ್ತದ ನಿರ್ಧಾರಕ್ಕೆ ಊರಿನ ಒಂದೇ ಒಂದು ವಾರ್ಡಿನ ಪ್ರತಿನಿಧಿ "ಹೌದು" ಅಂತಲೂ ಅನ್ನಲಿಲ್ಲ, "ಬೇಡ" ಅಂತಲೂ ಅನ್ನಲಿಲ್ಲ. ಅನ್ನೋಕೆ ಜನವೇ ಇರಲಿಲ್ಲ.

ಈಗ ನಮ್ಮೂರಿನ ಕಥೆ ಹೇಳ್ತೀನಿ. ತಿಪಟೂರು ಕಡೆಯ ಹಳ್ಳಿ. ಒಮ್ಮೆ ರಜಕ್ಕೆ ಹೋಗಿದ್ದಾಗ ಪಂಚಾಯಿತಿಯ ಯೋಜನೆಗೆ ಗ್ರಾಮಸಭೆ ಇತ್ತು. ಅಪ್ಪ "ಬಾರೋ, ಬೆಂಗಳೂರಲ್ಲಿ ಇಂಥದ್ದು ನೋಡಿರಲ್ಲ ನೀನು" ಅಂತ ಎಳ್ಕೊಂಡು ಹೋದ್ರು. ಸಮುದಾಯ ಭವನದಲ್ಲಿ ಮೂವತ್ತು ನಲವತ್ತು ಜನ. ಪಿಡಿಓ ಕಾಮಗಾರಿ ಪಟ್ಟಿ ಓದ್ತಾ ಹೋದ್ರು. ಸಿಸಿ ರಸ್ತೆ, ಸಿಸಿ ರಸ್ತೆ, ಚರಂಡಿ, ಮತ್ತೆ ಸಿಸಿ ರಸ್ತೆ. ಅರ್ಧ ಜನ ಫೋನ್ ನೋಡ್ತಿದ್ರು. ಇದೂ ನಾಟಕಾನೇ ಅಂತ ನಾನು ಎದ್ದು ಹೊರಡೋ ಹೊತ್ತಿಗೆ ಹಿಂದಿನ ಸಾಲಿಂದ ಒಬ್ಬ ಅಜ್ಜಿ ಎದ್ದು ನಿಂತ್ಕೊಂಡ್ರು.

"ಏನವ್ವಾ ಅಧ್ಯಕ್ಷೆ, ರಸ್ತೆ ಮೇಲೆ ರಸ್ತೆ ಹಾಕ್ಕಂಡು ಕುಂತಿದ್ದೀಯಲ್ಲ. ಕೆರೆಗೆ ನೀರು ಬರೋ ಹಳ್ಳ ಮುಚ್ಚೋಗಿ ಮೂರು ಮಳೆಗಾಲ ಆತು. ನೀರು ನಮ್ ಕೇರಿಗೆ ನುಗ್ತೈತೆ, ಕೆರೆ ಒಣಗೈತೆ. ಬರ್ಕಂಡಿದ್ದೀಯಾ ಇದನ್ನ?"

ಅಧ್ಯಕ್ಷೆ ಏನೋ ಸಮಜಾಯಿಷಿ ಹೇಳೋಕೆ ಹೋದ್ರು. ಅಜ್ಜಿ ಬಿಡಲಿಲ್ಲ. "ಓಟು ಕೇಳಾಕೆ ಬಂದಾಗ ಅದೇ ನೀರು ದಾಟ್ಕಂಡು ಬಂದಿದ್ದೆ ನೀನು." ಸಭೆಯೆಲ್ಲ ಗೊಳ್ಳೆಂದು ನಕ್ತು. ಅಧ್ಯಕ್ಷೆಯೂ ನಕ್ಕುಬಿಟ್ರು. ಆಮೇಲೆ ಅರ್ಧ ಗಂಟೆ ಕೂಗಾಟ, ಯಾವ ರಸ್ತೆ ಬಿಡೋದು ಅಂತ. ಕೊನೆಗೆ ಒಂದು ಸಿಸಿ ರಸ್ತೆ ಮುಂದಿನ ವರ್ಷಕ್ಕೆ ಹೋಯ್ತು, ಹಳ್ಳದ ಹೂಳು ಪಟ್ಟಿಗೆ ಬಂತು. ಪಿಡಿಓ ನಡಾವಳಿ ಪುಸ್ತಕದಲ್ಲಿ ಬರ್ಕೊಂಡು ಓದಿ ಹೇಳಿ ಸಹಿ ಹಾಕಿಸಿದ್ರು.

ಹಳ್ಳಿ ಸ್ವರ್ಗ ಅಂತ ನಾನು ಹೇಳ್ತಿಲ್ಲ. ಜನ ಸೇರದೆ ಮನೆಮನೆಗೆ ಪುಸ್ತಕ ಕಳಿಸಿ ಸಹಿ ಹಾಕಿಸೋ ಗ್ರಾಮಸಭೆಗಳ ಕಥೆ ನಿಮಗೂ ಗೊತ್ತು, ನನಗೂ ಗೊತ್ತು. ದುಡ್ಡೂ ಅವರಿಷ್ಟದಂತೆ ಖರ್ಚು ಮಾಡೋಕಾಗಲ್ಲ. 15ನೇ ಹಣಕಾಸು ಆಯೋಗದ ಅನುದಾನದಲ್ಲಿ 2021-22ರಿಂದ ನೂರಕ್ಕೆ ಅರವತ್ತು ಕುಡಿಯೋ ನೀರು, ನೈರ್ಮಲ್ಯಕ್ಕೇ ಅಂತ ಕಟ್ಟುಪಾಡು ಇತ್ತು. ಆದ್ರೂ ನೋಡಿ, ಎರಡನೇ ಕ್ಲಾಸೂ ಓದದ ಆ ಅಜ್ಜಿಗೆ ತನ್ನ ಊರಿನ ಪ್ಲಾನಿನ ಒಂದು ಸಾಲು ಬದಲಾಯಿಸೋ ಶಕ್ತಿ ಇತ್ತು. ಬಿಇ ಓದಿ, ತೆರಿಗೆ ಕಟ್ಟಿ, ಮೊಣಕಾಲುದ್ದ ನೀರಲ್ಲಿ ನಿಂತ ನನಗೆ ಇರಲಿಲ್ಲ. ಅದು ನನ್ನ ಮಂಡೆಗೆ ಹೊಡೆದ ಸತ್ಯ.

"ಅದು ಹಳ್ಳಿ ಮಾತು, ದೊಡ್ಡ ಸಿಟಿಗೆ ಆಗಲ್ಲ" ಅನ್ನೋರಿಗೆ ಆಕ್ಲೆಂಡ್ ನೋಡಿ ಅಂತೀನಿ. ಅಲ್ಲೂ ನಮ್ಮ ಹಾಗೇ ಅಕ್ಕಪಕ್ಕದ ಎಂಟು ಕೌನ್ಸಿಲ್ ಸೇರಿಸಿ 2010ರಲ್ಲಿ ಒಂದೇ ಮಾಡಿದ್ರು. ನ್ಯೂಜಿಲೆಂಡಿನ 2002ರ ಸ್ಥಳೀಯ ಸರ್ಕಾರ ಕಾಯ್ದೆ ಪ್ರಕಾರ ಪ್ರತಿ ಕೌನ್ಸಿಲ್ ಮೂರು ವರ್ಷಕ್ಕೊಮ್ಮೆ, ಕನಿಷ್ಠ ಹತ್ತು ವರ್ಷದ ದೀರ್ಘಾವಧಿ ಯೋಜನೆ ಮಾಡಲೇಬೇಕು. ಕರಡು ಬರೆಯೋರು ಅಧಿಕಾರಿಗಳು, ತಜ್ಞರೇ. ಆದ್ರೆ ಜನರ ಅಭಿಪ್ರಾಯ ಕೇಳಿ, ಸಭೆಯಲ್ಲಿ ಚರ್ಚೆ ಮಾಡಿ ಅಂಗೀಕಾರ ಮಾಡಬೇಕಾದವರು ಮೇಯರ್ ಮತ್ತು ಕೌನ್ಸಿಲರುಗಳು. 2018ರಲ್ಲಿ ಆಕ್ಲೆಂಡ್ 2050ರ ತನಕದ ನಗರ ಯೋಜನೆಯನ್ನೂ, ಹತ್ತು ವರ್ಷದ ಬಜೆಟ್ಟನ್ನೂ ಜೊತೆಜೊತೆಗೇ ಒಪ್ಕೊಂಡ್ತು. ಕಡಲಿನ, ಹಳ್ಳದ ನೀರು ಸ್ವಚ್ಛ ಮಾಡೋಕೆ ಬೇರೆಯೇ ತೆರಿಗೆ, ರಸ್ತೆ-ಸಾರಿಗೆಗೆ ಅಂತ ಪೆಟ್ರೋಲಿನ ಮೇಲೆ ಪ್ರಾದೇಶಿಕ ತೆರಿಗೆ. ಪೆಟ್ರೋಲ್ ತೆರಿಗೆಯನ್ನ ಹೊಸ ಸರ್ಕಾರ 2024ರಲ್ಲಿ ತೆಗೆದುಹಾಕ್ತು, ಇರಲಿ. ನನ್ನ ಕಣ್ಣಿಗೆ ಬಿದ್ದಿದ್ದು ಬೇರೆ. ಕನಸು ಒಂದು ಕೈಲಿ, ಅದರ ಬಿಲ್ಲು ಇನ್ನೊಂದು ಕೈಲಿ ಹಿಡ್ಕೊಂಡು ಜನರ ಮುಂದೆ ಬರಬೇಕು ಅಲ್ಲಿನ ಕೌನ್ಸಿಲರ್. ನಮ್ಮ ನಕ್ಷೆಯಲ್ಲಿ ಬಣ್ಣ ಮಾತ್ರ ಇರುತ್ತೆ. ಬಿಲ್ಲು ಯಾರ ಹೆಸರಿಗೆ ಅಂತ ನೀರು ನುಗ್ಗಿದ ಮೇಲೆ ಗೊತ್ತಾಗುತ್ತೆ.

ಇಷ್ಟೆಲ್ಲ ಈಗ ಯಾಕೆ ಅಂದ್ರೆ, 2025ರಲ್ಲಿ ಜಾರಿಗೆ ಬಂದ ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ ಪ್ರಕಾರ 2025ರ ಸೆಪ್ಟೆಂಬರಿಂದ ಬೆಂಗಳೂರು ಐದು ನಗರ ಪಾಲಿಕೆ ಆಯ್ತು. ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಅದಕ್ಕೆ ಮುಖ್ಯಮಂತ್ರಿಗಳೇ ಅಧ್ಯಕ್ಷರು. ಐದು ಮೇಯರುಗಳಿಗೂ ಅಲ್ಲಿ ಕುರ್ಚಿ ಇದೆ ಅಂತ ಸಮಾಧಾನ ಹೇಳ್ತಾರೆ. ಮುಖ್ಯಮಂತ್ರಿ ಎದುರಿಗೆ ಕೂತ ಮೇಯರು ಎಷ್ಟು ಜೋರಾಗಿ ಮಾತಾಡ್ತಾರೆ ಅಂತ ನಿಮಗೇ ಗೊತ್ತಲ್ಲ. ಮೇಯರ್ ಒಂದು ಮೀಟಿಂಗಲ್ಲಿ ಕೂತಿದ್ದನ್ನ ಕೌನ್ಸಿಲ್ ಚರ್ಚೆ ಮಾಡಿತು ಅಂತ ಕರೆಯೋಕಾಗಲ್ಲ. ಚರ್ಚೆ ಅಂದ್ರೆ ಬಾಗಿಲು ತೆಗೆದು, ಒಬ್ಬೊಬ್ಬರೂ ತಮ್ಮ ವಾರ್ಡಿನ ಹಾಳೆ ಹಿಡಿದು, ಈ ಕಾಲುವೆ ಯಾಕೆ ಹಳದಿ ಆಯ್ತು ಅಂತ ಕೇಳೋದು.

ಹಾಗಾಗಿ ಮನೆ ಬಾಗಿಲಿಗೆ ಓಟು ಕೇಳೋಕೆ ಯಾರೇ ಬರಲಿ, ಯಾವ ಪಕ್ಷದವರೇ ಆಗಲಿ, ನಾನು ಕೇಳೋದು ಮೂರೇ ಪ್ರಶ್ನೆ. ಒಂದು, ಮುಂದಿನ ಮಾಸ್ಟರ್ ಪ್ಲಾನ್ ಕೌನ್ಸಿಲ್ ಮುಂದೆ ಬರಬೇಕು ಅಂತ ನೀವು ನಿರ್ಣಯ ಮಂಡಿಸ್ತೀರಾ? ಎರಡು, ನಮ್ಮ ವಾರ್ಡಿನ ನಕ್ಷೆಯನ್ನ ಕನ್ನಡದಲ್ಲಿ, ವಾರ್ಡ್ ಸಭೆಯಲ್ಲಿ ಗೋಡೆ ಮೇಲೆ ಅಂಟಿಸಿ ಓದಿ ಹೇಳ್ತೀರಾ? ಮೂರು, ಓಟಿಗೆ ಹಾಕಿದಾಗ ಹೆಸರು ಹಿಡಿದು ಹೌದೋ ಅಲ್ವೋ ದಾಖಲಾಗಲಿ ಅಂತ ಒತ್ತಾಯ ಮಾಡ್ತೀರಾ? ರಸ್ತೆ ಗುಂಡಿ, ಬೀದಿ ದೀಪದ ವಿಚಾರ ಆಮೇಲೆ. ಗುಂಡಿ ಮುಚ್ಚೋಕೆ ಜಲ್ಲಿ ಸಾಕು, ಮುಚ್ಚಿಹೋದ ಕಾಲುವೆ ತೆಗೆಯೋಕೆ ಒಂದು ತಲೆಮಾರು ಬೇಕು.

ಕೌನ್ಸಿಲ್ ಕೈಗೆ ಪ್ಲಾನ್ ಕೊಟ್ರೆ ಅದು ಹಾಳು ಮಾಡಲ್ವಾ? ಮಾಡಬಹುದು. ಬಿಲ್ಡರ್ ದುಡ್ಡಿಗೆ ಕೈ ಎತ್ತೋರು ಇದ್ದೇ ಇರ್ತಾರೆ. ಆದ್ರೆ ಆಗ ಆ ಕೈ ಯಾರದು ಅಂತ ನಮಗೆ ಗೊತ್ತಿರುತ್ತೆ. ಇಷ್ಟು ವರ್ಷ ಊರು ಹಾಳಾಗಿದ್ದು ಕೈಗಳೇ ಕಾಣದೆ.

ನಾಳೆ ಟೀ ಹೊತ್ತಿಗೆ ಇದರ ಪ್ರಿಂಟ್ ತೆಗೆದು ಗೆಳೆಯನ ಕೈಗೆ ಕೊಡ್ತೀನಿ. ಪೂರ್ತಿ ಓದ್ತಾನೋ ಇಲ್ವೋ ಗೊತ್ತಿಲ್ಲ :) ಅವನು ಕಂತು ಕಟ್ತಿರೋ ಫ್ಲಾಟ್ ಇರೋದು ಒಂದು ಕೆರೆಯ ಕೋಡಿಯಿಂದ ಸ್ವಲ್ಪ ಕೆಳಗೆ. ಇನ್ನೂ ಹದಿನೇಳು ವರ್ಷ ಕಂತಿದೆ.

ಮತ್ತೆ ಸಿಗೋಣ. ನಿಮ್ಮ ವಾರ್ಡಿನ ಕಥೆ ಏನು, ನೀವೂ ಬರೀರಿ.